ಹೊತ್ತು ಮುಳುಗೋದ್ರೊಳಗ ಕೋಳಿ ಮುಚ್ಚಬೇಕು

ವಿಡಿಯೋ ನೋಡೋಕೆ ಟೈಮ್ ಇಲ್ಲ, ಕ್ಯಾಬ್‌ನಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಈ ಬರಹ. ಮಾತಾಡುವಾಗ ಹೇಳಿದ್ದನ್ನೇ ಸ್ವಲ್ಪ ತಿದ್ದಿದ್ದೇನೆ, ಅಲ್ಲಿ ಅವಸರದಲ್ಲಿ ಹಾರಿಸಿದ್ದನ್ನು ಇಲ್ಲಿ ಸೇರಿಸಿದ್ದೇನೆ.

ಕಳೆದ ಡಿಸೆಂಬರ್‌ನ ಒಂದು ರಾತ್ರಿ ನಮ್ಮ ಹಿತ್ತಲಿನ ಏಳು ಕೋಳಿಗಳಲ್ಲಿ ನಾಲ್ಕು ಸತ್ತವು. ನಾವಿರೋದು ಪಟಾನ್‌ಚೆರುವಿನಲ್ಲಿ, ಹೈವೇಯಿಂದ ಒಳಗಿರುವ ಒಂದು ಬಾಡಿಗೆ ಮನೆ. ಕೋಳಿ ನನ್ನದಲ್ಲ, ಅವ್ವನದು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಹುಮನಾಬಾದ್ ಕಡೆಯ ಊರಿಂದ ಇಲ್ಲಿಗೆ ಕರ್ಕೊಂಡು ಬಂದೆ. ಮೊದಲ ಮೂರು ತಿಂಗಳು ಆಕೆ ದಿನಾ ಕೇಳ್ತಿದ್ದದ್ದು ಒಂದೇ: "ನಾ ಊರಿಗಿ ಯಾವಾಗ ಹೋಗಲಿ?" ಕೋಳಿ ತಂದ ಮೇಲೆ ಆ ಪ್ರಶ್ನೆ ನಿಂತಿತು. ಸಂಜೆ ಆದರೆ ಅವುಗಳನ್ನು ಒಂದೊಂದಾಗಿ ಹಿಡಿದು, ವಾಶ್ ಏರಿಯಾದಲ್ಲಿ ಬುಟ್ಟಿ ಕೆಳಗೆ ಹಾಕಿ, ಮೇಲೊಂದು ಕಲ್ಲು ಇಡ್ತಿದ್ದಳು.

ಆಕೆಗೆ ಮೊಣಕಾಲು ನೋವು, ಬಗ್ಗೋದು ಕಷ್ಟ. ನಾನು ಇಂಜಿನಿಯರ್ ಅಲ್ವಾ! ಎರಡು ವೀಕೆಂಡ್ ಕೂತು ಮರದ ಫ್ರೇಮ್ ಮಾಡಿ, ಕೋಳಿ ಜಾಲರಿ ಹೊಡೆದು, ನೈಟ್ ವಿಷನ್ ಕ್ಯಾಮೆರಾ ಹಾಕಿ, ಫೋನಿಗೆ ಅಲರ್ಟ್ ಬರೋ ಹಾಗೆ ಮಾಡಿದೆ. "ಇನ್ನು ನೀನು ಬುಟ್ಟಿ ಮುಚ್ಚೋದು ಬೇಡ" ಅಂದೆ. ಆವತ್ತು ರಾತ್ರಿ ರಿಲೀಸ್ ಇತ್ತು. ಎಲೆ ಅಲ್ಲಾಡಿದರೆ ಅಲರ್ಟ್, ಇಲಿ ಓಡಿದರೆ ಅಲರ್ಟ್. ಹನ್ನೊಂದು ಗಂಟೆಗೆ ಮ್ಯೂಟ್ ಮಾಡಿದೆ. ಬೆಳಿಗ್ಗೆ ಫೂಟೇಜ್ ನೋಡಿದರೆ 2:10ಕ್ಕೆ ಉದ್ದ ಕಾಲಿನ, ಗಿಡ್ಡ ಬಾಲದ, ಕಿವಿ ತುದಿಯಲ್ಲಿ ಚೂರು ಕೂದಲಿದ್ದ ಒಂದು ಕಾಡುಬೆಕ್ಕು ಜಾಲರಿಯ ಕೆಳಮೂಲೆಯನ್ನು ಎಳೀತಾ ಇತ್ತು. ಮೊಳೆ ಕಿತ್ತು ಬಂತು. ಬೆಕ್ಕು ಒಂದು ಕೋಳಿ ಒಯ್ದಿತು. ಉಳಿದ ಮೂರು ಅಲ್ಲೇ ಬಿದ್ದಿದ್ದವು.

ಅವ್ವ ಬೈಲಿಲ್ಲ. "ನಾ ದಿನಾ ಮುಚ್ತಿದ್ದೆ. ನೀ ಮಶೀನ್ ಹಚ್ಚೀನಿ ಅಂದಿ, ಅದಕ್ಕ ಬಿಟ್ಟೆ" ಅಂದಳು. ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಒಂದು ತಿಂಗಳು ನಾನು ಓದಿದ್ದೆಲ್ಲ ಇದೇ. ರಾತ್ರಿ ಕೋಳಿ ಕಾಯುವ ಕೆಲಸಕ್ಕೆ ಎಷ್ಟು ವರ್ಷದ ಇತಿಹಾಸ ಇದೆ, ಅದನ್ನು ಯಾರು ಮಾಡಿದರು, ಎಲ್ಲಿ ಬರೆದಿಟ್ಟರು?

ಹತ್ತಿರದಿಂದಲೇ ಶುರು ಮಾಡ್ತೀನಿ. ಪಟಾನ್‌ಚೆರು ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಫ್ಯಾಕ್ಟರಿ, ರಿಂಗ್ ರೋಡ್, ಇಕ್ರಿಸ್ಯಾಟ್. ಆದರೆ ಈ ಊರನ್ನು ಇತಿಹಾಸಕಾರರು ಶಾಸನಗಳ ಪೊಟ್ಟಲಕೆರೆ ಅಂತ ಗುರುತಿಸುತ್ತಾರೆ. 11ನೇ ಶತಮಾನದ ಮೊದಲರ್ಧದಲ್ಲಿ ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹ ಆಳಿದ ನೆಲೆವೀಡು ಇದು. ಅವನ ರಾಣಿ ಸುಗ್ಗಲೆಗೂ ದೇವರ ದಾಸಿಮಯ್ಯನಿಗೂ ಸಂಬಂಧಿಸಿದ ಕಥೆಗಳು ನಡೆಯೋದು ಈ ಪೊಟ್ಟಲಕೆರೆಯಲ್ಲೇ. ಕನ್ನಡದ ಕೆರೆ ತೆಲುಗಿನಲ್ಲಿ ಚೆರುವು. ಪೊಟ್ಟಲಕೆರೆ, ಪೊಟ್ಲಚೆರುವು, ಪಟಾನ್‌ಚೆರು. ಆಫೀಸಲ್ಲಿ "ಹೈದರಾಬಾದ್‌ಗೆ ವಲಸೆ ಬಂದ ಕನ್ನಡಿಗ" ಅಂತ ತಮಾಷೆ ಮಾಡೋರಿಗೆ ನಾನು ಇದನ್ನು ಹೇಳ್ತಾ ಇರ್ತೀನಿ. ಬಂದಿದ್ದಲ್ಲ ಸ್ವಾಮಿ, ವಾಪಸ್ ಬಂದಿದ್ದು.

ಆ ಚಾಲುಕ್ಯರ ವಂಶದಲ್ಲೇ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅಡುಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಕೋಳಿಯೂ ಇದೆ, ಆದರೆ ವಿನೋದಗಳ ಭಾಗದಲ್ಲಿ: ಕಾಳಗದ ಹುಂಜ. ಅದಕ್ಕಿಂತ ಹಳೆಯ ಅರ್ಥಶಾಸ್ತ್ರದಲ್ಲಿ ಕೋಳಿ ಬರೋದು ದಂಡದ ಪಟ್ಟಿಯಲ್ಲಿ. 54 ಪಣಕ್ಕಿಂತ ಕಡಿಮೆ ಬೆಲೆಯ ಕೋಳಿ, ಮುಂಗುಸಿ, ಬೆಕ್ಕು, ನಾಯಿ, ಹಂದಿಯನ್ನು ಕದ್ದರೆ ಅಥವಾ ಕೊಂದರೆ 54 ಪಣ ದಂಡ, ಇಲ್ಲವೇ ಮೂಗಿನ ತುದಿ ಕತ್ತರಿಸೋದು. ಕೋಳಿ ಮತ್ತು ಕೋಳಿ ತಿನ್ನೋ ಮೂರೂ ಪ್ರಾಣಿ ಒಂದೇ ಸಾಲಿನಲ್ಲಿ! ಕೌಟಿಲ್ಯನ ಮನೆ ಹಿತ್ತಲಲ್ಲಿ ಯಾರು ಯಾರನ್ನು ಕಾಯ್ತಿದ್ದರೋ.

ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ' ಎಲ್ಲರಿಗೂ ಗೊತ್ತು. ಅಲ್ಲಿ ಹಿಟ್ಟಿನ ಕೋಳಿಯ ಬಲಿಯಿಂದ ಶುರುವಾಗಿ, ತಾಯಿ ಮಗ ಜನ್ಮಜನ್ಮ ಪ್ರಾಣಿಗಳಾಗಿ ಹುಟ್ಟಿ, ಕೊನೆಗೆ ಕೋಳಿಗಳಾಗ್ತಾರೆ. ಪಂಜರದಲ್ಲಿರೋ ಆ ಜೋಡಿ ಕೂಗಿದ ಸದ್ದು ಕೇಳಿ, ಕಾಣದೆಯೇ ಬಾಣ ಬಿಟ್ಟು ಕೊಲ್ಲೋನು ಅದೇ ಯಶೋಧರನ ಮಗ. ಪಂಜರ ಇತ್ತು, ಆದರೂ ಸತ್ತವು. ನಾನು ಇದನ್ನು ಡಿಸೆಂಬರ್ ಆದ ಮೇಲೆ ಮತ್ತೆ ಓದಿದಾಗ ಒಂಥರಾ ಆಯ್ತು, ಇರಲಿ.

ನೋಡಿ: ಕಾಳಗ, ದಂಡ, ಬಲಿ. ಕೋಳಿ ಬರವಣಿಗೆಗೆ ಬಂದಿರೋದು ಹೀಗೆ. ದನಗಳ ವಿಷಯ ಬೇರೆ. ತುರು ಕಾಯಲು ಹೋಗಿ ಸತ್ತವರಿಗೆ ಕರ್ನಾಟಕದ ಊರೂರಲ್ಲಿ ವೀರಗಲ್ಲುಗಳಿವೆ, ಹೆಸರು ಸಮೇತ. ಹುಂಜಕ್ಕೂ ಒಂದು ಕಲ್ಲಿದೆ. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಅರಸಲಾಪುರದಲ್ಲಿ ಕಾಳಗದ ಹುಂಜಕ್ಕೆ ನಿಲ್ಲಿಸಿದ ಕಲ್ಲು. ದಿನಾ ಸಂಜೆ ಹತ್ತು ಹೇಂಟೆ ಎಣಿಸಿ ಒಳಗೆ ಹಾಕಿದವಳಿಗೆ ಮಾತ್ರ ಯಾರೂ ಕಲ್ಲು ನಿಲ್ಲಿಸಲಿಲ್ಲ. ಯಾಕಂದರೆ ಅದು ಹೆಂಗಸರ ಕೆಲಸ, ಕೋಳಿ ಹೆಂಗಸರ ಆಸ್ತಿ. ನಮ್ಮ ಜನಪದ ಕಥೆಗೆ ಇದು ಗೊತ್ತಿತ್ತು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ ಅಂದುಕೊಂಡಿದ್ದ ಅಜ್ಜಿ ಇದಾಳಲ್ಲ, ಅವಳನ್ನು ಜಂಬದವಳು ಅಂತ ನಗ್ತೀವಿ. ಆದರೆ ಆ ಕಥೆಯಲ್ಲೂ ಕೋಳಿ ಅಜ್ಜಿಯದೇ, ಗೌಡರದಲ್ಲ. ಅಷ್ಟು ವರ್ಷ ಆ ಹುಂಜವನ್ನು ಬೆಕ್ಕಿನ ಬಾಯಿಂದ ಉಳಿಸಿಕೊಂಡವಳು ಸ್ವಲ್ಪ ಜಂಬ ಪಡಲಿ ಬಿಡಿ.

ನಮ್ಮ ಮನೆಯಲ್ಲೂ ಹಾಗೇ. ಹೊಲದ ದುಡ್ಡು ಅಪ್ಪನದು, ಕೋಳಿ ದುಡ್ಡು ಅವ್ವನದು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು ಎರಡು ಹುಂಜ ಮಾರಿ ಕಟ್ಟಿದ್ದು. ಎಂಟೆಕ್ ಅಂತ ಎಲ್‌ಪಿಎ ಲೆಕ್ಕ ಹಾಕೋ ನಾವು ಆ ಎರಡು ಹುಂಜವನ್ನು ಯಾವ ಕಾಲಮ್ಮಿಗೆ ಹಾಕ್ತೀವಿ?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಕಾಡಿನಲ್ಲಿ ಕೋಳಿಗೆ ಕಾವಲು ಬೇಕಿರಲಿಲ್ಲ. ಕೆಂಪು ಕಾಡುಕೋಳಿ ಸಂಜೆ ಆದರೆ ಮರ ಹತ್ತಿ ಕೂರುತ್ತೆ. ಅದರ ಕಣ್ಣು ಹಗಲಿನ ಕಣ್ಣು. ಬಣ್ಣ ನೋಡೋಕೆ ನಮಗೆ ಮೂರು ಬಗೆಯ ಶಂಕುಕೋಶ ಇದ್ದರೆ ಕೋಳಿಗೆ ನಾಲ್ಕು ಬಗೆ, ನೇರಳಾತೀತವೂ ಕಾಣುತ್ತೆ. ಆದರೆ ಕತ್ತಲಲ್ಲಿ ನೋಡುವ ಶಕ್ತಿ ಬಹಳ ಕಮ್ಮಿ. ಕತ್ತಲಾದರೆ ಅದು ಕೂತಲ್ಲೇ ಕೂರುತ್ತೆ. ಕೈ ಹಾಕಿ ಎತ್ತಿದರೂ ಹೆಚ್ಚು ಗಲಾಟೆ ಮಾಡಲ್ಲ. ಅವ್ವ ಹಗಲಲ್ಲಿ ಹಿಡಿಯೋಕೆ ಒದ್ದಾಡೋ ಕೋಳಿಯನ್ನು ಸಂಜೆ ಒಂದೇ ಕೈಯಲ್ಲಿ ಎತ್ತೋದು ಇದರಿಂದಲೇ. ಬೆಕ್ಕಿಗೂ ಅದು ಗೊತ್ತು. ಕೋಳಿಯ ರಾತ್ರಿಯ ರಕ್ಷಣೆ ಪೂರ್ತಿ ಮರದ ಎತ್ತರದ್ದೇ ಆಗಿತ್ತು.

ಆ ಮರದಿಂದ ಅದನ್ನು ಇಳಿಸಿದ್ದು ನಾವು. ಕೋಳಿ ಸಾಕಣೆ ಸಿಂಧೂ ಕಣಿವೆಯಲ್ಲಿ ಶುರುವಾಯ್ತು ಅಂತ ಬಹಳ ಕಡೆ ಓದಿರ್ತೀವಿ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹಳೆಯ ಮೂಳೆಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿ, ಖಚಿತವಾಗಿ ಸಾಕುಕೋಳಿ ಅನ್ನಬಹುದಾದ ಮೊದಲ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕವು, ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ ಅಂತ ಹೇಳಿತು. ಅಲ್ಲಿ ಜನ ಒಣಭೂಮಿಯಲ್ಲಿ ಭತ್ತ ಬೆಳೀತಿದ್ದರು. ಕಾಳಿನ ಆಸೆಗೆ ಕಾಡುಕೋಳಿ ಊರ ಹತ್ತಿರ ಬಂತು, ಉಳಿಯಿತು. ಇನ್ನೊಂದು ವಿಷಯ ನಮಗೆ ಖುಷಿ ಕೊಡಬೇಕು: ಕೋಳಿಯ ಹಳದಿ ಕಾಲಿನ, ಹಳದಿ ಚರ್ಮದ ಜೀನ್ ಬಂದಿರೋದು ಕೆಂಪು ಕಾಡುಕೋಳಿಯಿಂದಲ್ಲ, ಪಶ್ಚಿಮ ಘಟ್ಟವೂ ಸೇರಿ ದಕ್ಷಿಣ ಭಾರತದಲ್ಲಿ ಇರುವ ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಸಂಶೋಧಕರು ತೋರಿಸಿದರು. ಕೊಡಗಿಗೆ ಟ್ರಿಪ್ ಹೋದಾಗ ರಸ್ತೆ ದಾಟುತ್ತಲ್ಲ, ಅದೇ ಹಕ್ಕಿ.

ಕಾಳು ಕೊಟ್ಟು ನೆಲಕ್ಕೆ ಇಳಿಸಿದ ಮೇಲೆ ರಾತ್ರಿ ಕಾಯೋದು ನಮ್ಮ ಪಾಲಿಗೆ ಬಂತು. ಅದಕ್ಕೆ ಈ ನೆಲದ ಉತ್ತರ ಬಿದಿರು ಬುಟ್ಟಿ. ತೆಲುಗಿನಲ್ಲಿ ಕೋಳ್ಳ ಗಂಪ ಅಂತಾರೆ, ಗುಮ್ಮಟದ ಆಕಾರದ ದೊಡ್ಡ ಬುಟ್ಟಿ, ಕವುಚಿ ಹಾಕೋದು. ಹೆಣೆಯೋರು ಮೇದರು, ತೆಲುಗಿನಲ್ಲಿ ಮೇದರಿ. ನಮ್ಮ ಮನೆ ಮುಂದಿನ ಹೈವೇಯಲ್ಲಿ ಪಶ್ಚಿಮಕ್ಕೆ ನೂರೈವತ್ತು ಕಿಲೋಮೀಟರ್ ಆಸುಪಾಸು ಹೋದರೆ ಬಸವಕಲ್ಯಾಣ. 12ನೇ ಶತಮಾನದಲ್ಲಿ ಅಲ್ಲಿ ಮೇದರ ಕೇತಯ್ಯ ಕಾಡಿಂದ ಬಿದಿರು ತಂದು, ಬುಟ್ಟಿ ಹೆಣೆದು ಮಾರಿ, ಆ ದುಡ್ಡಲ್ಲಿ ದಾಸೋಹ ಮಾಡ್ತಿದ್ದ. ವಚನಕಾರರ ಕಾಯಕದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೀನಿ. ಆ ಬುಟ್ಟಿ ಒಂದು ಇಂಜಿನಿಯರಿಂಗ್ ವಸ್ತು ಅಂತ ಯಾರೂ ಹೇಳಲಿಲ್ಲ. ಗಾಳಿ ಆಡುತ್ತೆ, ಬೆಕ್ಕಿನ ಕೈ ಹೋಗಲ್ಲ, ಗುಮ್ಮಟದ ಆಕಾರ ಆದ್ದರಿಂದ ಹಲ್ಲು ಹಾಕೋಕೆ ಮೂಲೆ ಇಲ್ಲ. ನನ್ನ ಗೂಡು ಸೋತಿದ್ದು ಮೂಲೆಯಲ್ಲೇ.

ಬುಟ್ಟಿಯ ಜೊತೆಗೆ ಜಾಗವೂ ಮುಖ್ಯ. ನಮ್ಮ ಆಯಿ, ಅಂದರೆ ಅವ್ವನ ಅವ್ವ, ನಿಜಾಮನ ಕಾಲದ ಮನೆಯಲ್ಲಿ ಬಾಳಿದವಳು. ಮನೆಯ ಕಟ್ಟೆ ಕೆಳಗೆ ಗೋಡೆಯಲ್ಲೇ ಕೋಳಿ ಗೂಡು, ಅದಕ್ಕೆ ಬಾಗಿಲಾಗಿ ಒಂದು ಶಹಾಬಾದ್ ಫರಸಿ, ಫರಸಿಗೆ ಒತ್ತಾಗಿ ಒಂದು ಗುಂಡುಕಲ್ಲು. ಮರಿ ಹಾಕಿದ ಹೇಂಟೆ ಮಾತ್ರ ಒಳಗೆ, ಆಯಿ ಮಲಗೋ ಜಾಗದ ಪಕ್ಕ, ಬುಟ್ಟಿ ಕೆಳಗೆ. ಯಾಕೆ ಅಂತ ಅವ್ವನ್ನ ಕೇಳಿದೆ. ಮರಿ ಕಿಚಕಿಚ ಅಂದರೆ ಎಚ್ಚರ ಆಗಬೇಕಲ್ಲ, ಹೆಗ್ಗಣ ಬಂದರೆ ದೊಡ್ಡ ಕೋಳಿಗೆ ಏನೂ ಆಗಲ್ಲ, ಮರಿ ಉಳಿಯಲ್ಲ ಅಂದಳು. ಕೇರೆ ಹಾವು ಸಂದಿಯಲ್ಲಿ ಬರುತ್ತೆ, ಮುಂಗಲಿ ಹಗಲಲ್ಲೇ ಬರುತ್ತೆ, ನಾಯಿ ನೆಲ ಕೆದರುತ್ತೆ, ಬೆಕ್ಕು ಎಳೆಯುತ್ತೆ. ಒಬ್ಬೊಬ್ಬ ಕಳ್ಳನಿಗೆ ಒಂದೊಂದು ಬುದ್ಧಿ, ಅದಕ್ಕೆ ತಕ್ಕ ಹಾಗೆ ಒಂದೊಂದು ಅಡ್ಡಿ. ನಾವು ಥ್ರೆಟ್ ಮಾಡೆಲ್ ಅಂತ ಸ್ಲೈಡ್ ಮಾಡ್ತೀವಲ್ಲ, ಅದು ಆಯಿಯ ತಲೆಯಲ್ಲಿತ್ತು, ಆಕೆಗೆ ಓದು ಬರ್ತಿರಲಿಲ್ಲ.

ಆಗ ಊರಿಗೂ ಇಲ್ಲಿಗೂ ನಡುವೆ ರಾಜ್ಯದ ಗಡಿ ಇರಲಿಲ್ಲ. ಬೀದರ್, ಮೆದಕ್ ಎರಡೂ ಹೈದರಾಬಾದ್ ಸಂಸ್ಥಾನ. 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಭಾಗಗಳು ಮೆದಕ್ ಜಿಲ್ಲೆ ಸೇರಿ ಆಂಧ್ರಕ್ಕೆ ಹೋದವು. ಗಡಿ ಬಂದರೂ ಬುಟ್ಟಿ ಬದಲಾಗಲಿಲ್ಲ. ಸಂಗಾರೆಡ್ಡಿ ಕಡೆ ರಸ್ತೆ ಬದಿ ಗಂಪ ಮಾರೋಳ ಹತ್ತಿರ ಅವ್ವ ಕನ್ನಡದಲ್ಲೇ ಚೌಕಾಸಿ ಮಾಡ್ತಾಳೆ, ಅವಳು ತೆಲುಗಿನಲ್ಲಿ ಉತ್ತರ ಕೊಡ್ತಾಳೆ, ಇಬ್ಬರಿಗೂ ಏನೂ ತೊಂದರೆ ಇಲ್ಲ.

ಹಾಗಾದರೆ ನಾನು ನಂಬಿದ ಜಾಲರಿ ಎಲ್ಲಿಂದ ಬಂತು? 1844ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬ ಕಬ್ಬಿಣದ ವ್ಯಾಪಾರಿ ಬಟ್ಟೆ ನೇಯುವ ಯಂತ್ರದ ಮಾದರಿಯಲ್ಲಿ ತಂತಿ ನೇಯುವ ಯಂತ್ರ ಮಾಡಿದ. ಆರು ಮೂಲೆಯ ಕಣ್ಣುಗಳ ಆ ತೆಳು ತಂತಿಗೆ ಪ್ರಪಂಚದ ತುಂಬಾ ಕೋಳಿಯ ಹೆಸರೇ ಬಿತ್ತು. ಅದು ಕೋಳಿಯನ್ನು ಒಳಗೆ ಇಡೋಕೆ ಸರಿ. ಹೊರಗಿನ ಪ್ರಾಣಿಯನ್ನು ತಡೆಯೋಕೆ ಅದರಿಂದ ಆಗಲ್ಲ. ಹಲ್ಲಿಗೆ ಹರಿಯುತ್ತೆ, ಕಣ್ಣಿನಲ್ಲಿ ಪಂಜ ತೂರುತ್ತೆ. ಹೆಸರು ನೋಡಿ ಲೈಬ್ರರಿ ಇಂಪೋರ್ಟ್ ಮಾಡೋ ಚಾಳಿ ನನ್ನದು.

ದೊಡ್ಡ ಮಟ್ಟದಲ್ಲಿ ಈ ಸಮಸ್ಯೆಯನ್ನು ಇನ್ನೊಂದು ರೀತಿಯಲ್ಲಿ ಬಿಡಿಸಿದ್ದೂ ಹೈದರಾಬಾದೇ. 1971ರಲ್ಲಿ ಬಿ.ವಿ. ರಾವ್ ಇಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದರು; 1982ರಲ್ಲಿ ಮೊಟ್ಟೆ ಸಮನ್ವಯ ಸಮಿತಿ ಬಂತು. ಫಾರ್ಮ್ ಶೆಡ್ಡಿನಲ್ಲಿ ಕೋಳಿ ಪಂಜರದಲ್ಲೇ ಇರುತ್ತೆ, ಮೊಟ್ಟೆ ಕೋಳಿಗೆ ದಿನಕ್ಕೆ 16 ಗಂಟೆ ಬೆಳಕು ಹಾಕ್ತಾರೆ. ಸಂಜೆ ಅನ್ನೋದನ್ನೇ ತೆಗೆದುಬಿಟ್ಟರೆ ಸಂಜೆ ಮುಚ್ಚೋಳು ಯಾಕೆ ಬೇಕು? ಮೊಟ್ಟೆ ಅಗ್ಗ ಆಯ್ತು, ಹಾಸ್ಟೆಲ್‌ನಲ್ಲಿ ನಾವೆಲ್ಲ ತಿಂದು ಬೆಳೆದದ್ದೇ ಅದನ್ನು, ದೂರಲ್ಲ. ಆದರೆ ಕೋಳಿ ದುಡ್ಡು ಹೆಂಗಸರ ಸೆರಗಿನ ಗಂಟಿನಿಂದ ಬೇರೆ ಕಡೆ ಹೋಯ್ತು.

ಅದನ್ನು ಸ್ವಲ್ಪ ವಾಪಸ್ ತರೋ ಪ್ರಯತ್ನವೂ ಇಲ್ಲೇ ನಡೆಯಿತು. ರಾಜೇಂದ್ರನಗರದಲ್ಲಿ 1988ರಲ್ಲಿ ಶುರುವಾದ ಐಸಿಎಆರ್‌ನ ಕೋಳಿ ಸಂಶೋಧನಾ ಸಂಸ್ಥೆ ಹಿತ್ತಲಿಗೆಂದೇ ವನರಾಜ, ಗ್ರಾಮಪ್ರಿಯ ತಳಿಗಳನ್ನು ಮಾಡಿತು. ನಮ್ಮ ಬೆಂಗಳೂರಿನ ಹೆಬ್ಬಾಳದಿಂದ ಅದೇ ಕಾಲಕ್ಕೆ ಗಿರಿರಾಜ ಬಂತು. ಅವ್ವನ ಏಳರಲ್ಲಿ ಐದು ವನರಾಜ. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇದು 100ರಿಂದ 110 ಇಡುತ್ತೆ. ನನಗೆ ಇಷ್ಟವಾದ ಸಂಗತಿ: ವನರಾಜದ ಬಣ್ಣಬಣ್ಣದ ಗರಿ ಬರೀ ಚಂದಕ್ಕಲ್ಲ. ಬಿಳಿ ಕೋಳಿ ಹಿತ್ತಲಲ್ಲಿ ದೂರಕ್ಕೇ ಎದ್ದು ಕಾಣುತ್ತೆ, ಕಂದು ಚುಕ್ಕೆ ಗರಿ ಮಣ್ಣಲ್ಲಿ ಬೆರೆಯುತ್ತೆ. ಕಾಲೂ ಸ್ವಲ್ಪ ಉದ್ದ, ಓಡಿ ತಪ್ಪಿಸಿಕೊಳ್ಳಲಿ ಅಂತ. ಕಾವಲನ್ನು ಹಕ್ಕಿಯ ಮೈಯೊಳಗೇ ಇಡೋ ಪ್ರಯತ್ನ ಅದು. ಹದ್ದಿಗೆ, ಮುಂಗಲಿಗೆ, ಹಗಲಿಗೆ ಅದು ಸರಿ. ರಾತ್ರಿ ಎರಡು ಗಂಟೆಗೆ ಗರಿ ಯಾವ ಬಣ್ಣವಾದರೇನು, ಓಡೋಕೆ ಕಣ್ಣೇ ಕಾಣದ ಮೇಲೆ ಕಾಲು ಉದ್ದ ಇದ್ದರೇನು? ಮೈ ಭಾರ ಆಗಿರೋದರಿಂದ ನಾಟಿ ಕೋಳಿಯ ಹಾಗೆ ಮರದ ತುದಿಗೆ ಹಾರೋದೂ ಕಷ್ಟ.

ಇನ್ನು ಆ ಬೆಕ್ಕಿನ ಕಥೆ. 1972ರಲ್ಲಿ ಇಕ್ರಿಸ್ಯಾಟ್ ಇಲ್ಲಿ ಸ್ಥಾಪನೆ ಆದಾಗ ಸುಮಾರು 1,400 ಹೆಕ್ಟೇರ್ ಜಮೀನಿಗೆ ಬೇಲಿ ಬಿತ್ತು. ಒಳಗಿದ್ದ ಎರಡು ಹಳ್ಳಿಗಳು ಬೇರೆಡೆಗೆ ಹೋದವು. ಸುತ್ತ ಫ್ಯಾಕ್ಟರಿ ಬಂದವು, ಆಮೇಲೆ ಲೇಔಟ್, ಆಮೇಲೆ ನಾವು. ಬೇಲಿ ಒಳಗೆ ಜೋಳ, ತೊಗರಿ, ಕೆರೆ, ಜೊಂಡು, ಪೊದೆ ಉಳಿದವು. ಕಾಡುಬೆಕ್ಕಿಗೆ ಬೇಕಾದ್ದೂ ಅದೇ, ನೀರಿನ ಪಕ್ಕದ ಜೊಂಡು ಮತ್ತು ಇಲಿ. ಹೊರಗಿನ ಹೊಲವನ್ನೆಲ್ಲ ನಾವು ತಗೊಂಡಿದ್ದೀವಿ. ಅದು ತನ್ನ ಹಳೆಯ ದಾರಿಯಲ್ಲಿ ಬಂದು ನೋಡಿದರೆ ನಮ್ಮ ಹಿತ್ತಲು.

ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು: ಸತ್ತ ಕೋಳಿಗೇ ವಿಷ ಹಾಕಿ ಇಡಿ, ನಾಳೆ ಬಂದೇ ಬರುತ್ತೆ. ಬರುತ್ತೆ, ಅದು ನಿಜ. ಸಿಕ್ಕಿದ ಕಡೆಗೆ ಬೇಟೆ ಪ್ರಾಣಿ ಮತ್ತೆ ಬರುತ್ತೆ. ಆದರೆ ಕಾಡುಬೆಕ್ಕಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಷ ಇಡೋದು ಅಪರಾಧ ಅಂತ ನಾನು ಹೇಳೋಷ್ಟರಲ್ಲಿ ಅವ್ವ ಮೂರೂ ಕೋಳಿ ಎತ್ತಿಕೊಂಡು ಹೋಗಿ ಆಳವಾಗಿ ಹೂಳಿಸಿದಳು. "ಅದರ ಹೊಟ್ಟಿಗಿ ಅದು ಬಂದದ. ಮುಚ್ಚಲಾರದ್ದು ನಂದು ತಪ್ಪ" ಅಂದಳು. ತಪ್ಪು ನನ್ನದಾಗಿತ್ತು, ಆಕೆ ತನ್ನದು ಅಂದಳು. ಅದೇ ವಾರ ಮತ್ತೆ ಕೇಳಿದಳು, ಊರಿಗಿ ಯಾವಾಗ ಹೋಗಲಿ ಅಂತ.

ಗೂಡನ್ನು ಮತ್ತೆ ಕಟ್ಟಿದ್ದು ಇಬ್ಬರೂ ಸೇರಿ. ಈ ಸಲ ರಿಕ್ವೈರ್‌ಮೆಂಟ್ ಆಕೆಯದು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಮೊಳೆ ಬದಲು ಮರದ ಪಟ್ಟಿ ಇಟ್ಟು ಸ್ಕ್ರೂ. ನೆಲಕ್ಕೆ ಫರಸಿ, ಅದು ಗೋಡೆಯಿಂದ ಒಂದೂವರೆ ಅಡಿ ಹೊರಗೂ ಚಾಚಿದೆ, ನಾಯಿ ಕೆದರಿದರೆ ಕಲ್ಲೇ ಸಿಗಲಿ. ಮೂರಡಿ ಎತ್ತರದಲ್ಲಿ ಕೂರೋ ಕೋಲು, ಜಾಲರಿಯಿಂದ ದೂರ, ಪಂಜ ಚಾಚಿದರೂ ಸಿಗಬಾರದು. ಹಿಂದಿನ ಗೂಡಲ್ಲಿ ಕೋಲು ಇಲ್ಲದೆ ಕೋಳಿಗಳೆಲ್ಲ ಜಾಲರಿಗೆ ಒತ್ತಿ ನೆಲದಲ್ಲೇ ಮಲಗ್ತಿದ್ದವು. ಗೂಡು ಸೊಂಟದ ಎತ್ತರದಲ್ಲಿ ಬಾಗಿಲು ತೆರೆಯುತ್ತೆ, ಆಕೆ ಬಗ್ಗಬೇಕಿಲ್ಲ. ಎರಡು ಚಿಲಕ. ಸಂಜೆ ಉಳಿದ ಕಾಳು ತೆಗೆದುಬಿಡ್ತೀವಿ, ಕಾಳಿಗೆ ಇಲಿ, ಇಲಿಗೆ ಹಾವು. ಕ್ಯಾಮೆರಾ ಇದೆ, ಆದರೆ ಅದು ಯಾರು ಬಂದರು ಅಂತ ಬೆಳಿಗ್ಗೆ ನೋಡೋಕೆ ಮಾತ್ರ. ಬೆಕ್ಕು ಆಮೇಲೆ ಮೂರು ಸಲ ಬಂದು, ಸುತ್ತು ಹಾಕಿ ಹೋಗಿದೆ.

ಬಾಗಿಲು ಹಾಕೋ ಕೆಲಸ ಈಗ ಹಂಚಿಕೊಂಡಿದ್ದೀವಿ. ಡಿಸೆಂಬರ್‌ನಲ್ಲಿ ಇಲ್ಲಿ 5:40ರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತೆ. ಕ್ಯಾಲೆಂಡರ್‌ನಲ್ಲಿ ಹದಿನೈದು ನಿಮಿಷ ಬ್ಲಾಕ್ ಮಾಡಿ 'ಕೋಳಿ' ಅಂತಲೇ ಹೆಸರು ಕೊಟ್ಟೆ. ಮ್ಯಾನೇಜರ್ ಒಂದು ಸಲ ಕೇಳಿದರು, ಹೇಳಿದೆ, ನಕ್ಕರು, ಅಷ್ಟೇ. ಈಗ ಮೇ ತಿಂಗಳು, 6:40 ದಾಟುತ್ತೆ. ನಾನು ಆ ಬ್ಲಾಕನ್ನು ಮೂರು ಸಲ ಸರಿಸಿದ್ದೀನಿ, ಪ್ರತಿ ಸಲವೂ ಒಂದು ವಾರ ತಡವಾಗಿ. ಅವ್ವ ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿರ್ತಾಳೆ. ಒಂದು ನಾಟಿ ಹೇಂಟೆ ಕಾವಿಗೆ ಕೂತಿದೆ, ಅದನ್ನು ಮಾತ್ರ ವಾಶ್ ಏರಿಯಾದಲ್ಲಿ ಗಂಪದ ಕೆಳಗೆ ಇಟ್ಟಿದ್ದಾಳೆ, ಮೇಲೆ ಅದೇ ಹಳೆಯ ಕಲ್ಲು. ಒಂಬತ್ತು ಮೊಟ್ಟೆ. ಮುಂದಿನ ವಾರ ಮರಿ ಒಡೀಬೇಕು, ಊರಿಗೆ ಹೋಗೋ ಮಾತು ಮರಿ ದೊಡ್ಡವಾದ ಮೇಲೆ ಅಂದಿದ್ದಾಳೆ.